ಉಪ್ಪುನೀರಿನ ಅಳಿಯ

ನನ್ನ ಗಂಡನಿಗೆ ನಮ್ಮೂರಿನ ನೀರು ಇನ್ನೂ ಒಲಿದಿಲ್ಲ ಎಂಬ ಸಂಗತಿ ಬೀದಿಗೆಲ್ಲ ಗೊತ್ತಿತ್ತು. ಗೊತ್ತಾಗದೆ ಇರುವುದಾದರೂ ಹೇಗೆ? ಯಾರ ಮನೆಗೆ ಹೋದರೂ ಇವರು ನೀರು ಬೇಡ, ಮಜ್ಜಿಗೆ ಇದ್ದರೆ ಕೊಡಿ ಎನ್ನುತ್ತಿದ್ದರು. ಮಜ್ಜಿಗೆಗೆ ಉಪ್ಪಿದ್ದರೆ ನಾಲಿಗೆಗೆ ಮೋಸವಿಲ್ಲ ನೋಡಿ. ಕಾಫಿ, ಟೀ ಮುಟ್ಟುತ್ತಿರಲಿಲ್ಲ. ನಮ್ಮೂರಿನ ನೀರು ಬಾವಿಯದಾಗಲಿ, ನಲ್ಲಿಯದಾಗಲಿ, ಊರಿನವರ ಬಾಯಿಗೆ ಸಿಹಿ, ಹೊರಗಿನವರ ಬಾಯಿಗೆ ಉಪ್ಪು. ಅದು ಹಾಗೇ. ನೀರು ಕುಡಿದಷ್ಟು ಸುಲಭ ಎಂಬ ಮಾತನ್ನು ನಮ್ಮಲ್ಲಿ ಹೊರಗಿನವರ ಎದುರಿಗೆ ಯಾರೂ ಆಡುವುದಿಲ್ಲ. ಆಡಿದರೆ ಚುಚ್ಚಿದ ಹಾಗಾಗುತ್ತದೆ.

ಇವರ ಹೆಸರು ಚನ್ನವೀರ. ಕಬ್ಬಿಣದ ಕೆಲಸದವರು. ನಮ್ಮೂರಿನ ಶಾಲೆಯ ಮೆಟ್ಟಿಲಿಗೆ ಕಂಬಿ ಕೂರಿಸಲು ಬಂದ ಗುಂಪಿನ ಜೊತೆ, ಕೆಲಸ ಮುಗಿಯುವವರೆಗಿನ ಅಪ್ಪಣೆ ಚೀಟಿ ಹಿಡಿದು ಬಂದವರು. ನಾನಾಗ ಆ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಎರಡು ಮಾತು ನಾಲ್ಕಾಗಿ, ನಾಲ್ಕು ನಲವತ್ತಾಗಿ, ಕಂಬಿಯ ಕೆಲಸ ಮುಗಿಯುವ ಹೊತ್ತಿಗೆ ಇವರು ಹೊರಡುವ ಮನಸ್ಸಿನಲ್ಲಿರಲಿಲ್ಲ, ನಾನು ಕಳಿಸುವ ಮನಸ್ಸಿನಲ್ಲಿರಲಿಲ್ಲ. ಉಪ್ಪುನೀರಿನ ಅಳಿಯನನ್ನು ತಂದುಬಿಟ್ಟೆಯಲ್ಲ ಎಂದು ಅಪ್ಪ ಒಂದು ವಾರ ನನ್ನ ಜೊತೆ ಮಾತು ಬಿಟ್ಟ. ಆಮೇಲೆ ಅವನೇ ಹೋಗಿ ಮಾವಿನ ತೋರಣ ಕಟ್ಟಿದ.

ನಮ್ಮೂರಿನವರನ್ನು ಮದುವೆಯಾದರೆ ಇಲ್ಲಿ ಇರಲು ಯಾರ ಅಡ್ಡಿಯೂ ಇಲ್ಲ. ಆದರೆ ಊರ ಹೆಬ್ಬಾಗಿಲು ದಾಟಿ ಹೊರಗೆ ಹೋದವರು ಮತ್ತೆ ಒಳಗೆ ಬರಬೇಕಾದರೆ ಪಾಸ್‌ಪೋರ್ಟ್ ಬೇಕು. ಹಿರಿಯರು ಅದನ್ನು ಈಗಲೂ ರಹದಾರಿ ಎನ್ನುತ್ತಾರೆ. ಇಲ್ಲಿ ಹುಟ್ಟಿದವರಿಗೆ ಅದು ಹುಟ್ಟಿನಿಂದ ಬರುತ್ತದೆ. ಮದುವೆಯಾಗಿ ಬಂದವರಿಗೆ ನೀರು ಒಲಿದ ಮೇಲೆ. ಒಲಿಯಿತೋ ಇಲ್ಲವೋ ಎಂದು ನೋಡಲು ವರ್ಷಕ್ಕೊಮ್ಮೆ ನೀರಿನ ಕಚೇರಿಯಲ್ಲಿ ಕರೆಯುತ್ತಾರೆ. ಅಲ್ಲಿ ಏನನ್ನೂ ಕೇಳುವುದಿಲ್ಲ. ಒಂದು ಒಲೆ, ಒಂದು ಪಾತ್ರೆ, ಬೇಯಿಸಿದ ಬೇಳೆ, ಹುಣಿಸೆಹಣ್ಣು, ಸಾರಿನ ಪುಡಿ, ಉಪ್ಪಿನ ಮರಿಗೆ. ಸಾರು ಮಾಡಿ, ರುಚಿ ನೋಡಿ, ಉಪ್ಪು ಹಾಕಿ ಕೊಡಬೇಕು. ನೀರು ಒಲಿಯದವರ ನಾಲಿಗೆಗೆ ಬರಿಯ ನೀರೇ ಉಪ್ಪಾಗಿರುವುದರಿಂದ ಅವರು ಉಪ್ಪಿನ ತಂಟೆಗೇ ಹೋಗುವುದಿಲ್ಲ. ಅಧಿಕಾರಿ ಪಂಕಜಾಕ್ಷಿ ಮೇಡಂ ಒಂದು ಸೌಟು ಬಾಯಿಗೆ ಬಿಟ್ಟುಕೊಂಡು, ಸಪ್ಪೆ ಎನ್ನುತ್ತಾರೆ. ಅಷ್ಟೇ. ಮುಂದಿನ ವರ್ಷ ಬನ್ನಿ ಎಂದು ಕೂಡ ಹೇಳುವುದಿಲ್ಲ. ಬರುತ್ತಾರೆಂದು ಅವರಿಗೆ ಗೊತ್ತು.

ಇವರು ವರ್ಷವರ್ಷವೂ ಹೋದರು, ವರ್ಷವರ್ಷವೂ ಸಪ್ಪೆ ಸಾರು ಮಾಡಿ ಬಂದರು. ಮೊದಮೊದಲು ನಗೆಯ ವಿಷಯವಾಗಿತ್ತು. ನಮ್ಮ ಜೊತೆಯಲ್ಲೇ ಮದುವೆಯಾದವರಿಗೆ ಎರಡು ವರ್ಷಕ್ಕೆ, ಮೂರು ವರ್ಷಕ್ಕೆ ನೀರು ಒಲಿಯಿತು. ನಮ್ಮ ನೀಲಾ ಹುಟ್ಟಿದಳು, ನಡೆದಳು, ಮಾತು ಕಲಿತಳು. ಅವಳಿಗೆ ನನ್ನ ಕಡೆಯಿಂದ ತೊಟ್ಟಿಲಲ್ಲೇ ಪಾಸ್‌ಪೋರ್ಟ್ ಬಂತು. ಇವರು ಮಾತ್ರ ಹಾಗೇ. ಒಲೆಯ ಮೇಲಿನ ಸಾರಿಗೆ ಉಪ್ಪು ಹಾಕುವ ಮುಂಚೆ ಇವರ ಪಾಲನ್ನು ಒಂದು ಬೋಗುಣಿಗೆ ಬಗ್ಗಿಸಿ ಇಡುವುದು ನನ್ನ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಬಾವಿಕಟ್ಟೆಯಲ್ಲಿ ಹೆಂಗಸರು ನಿನ್ನ ಯಜಮಾನರಿಗೆ ಇನ್ನೂ ಇಲ್ಲವಾ ಎಂದು ಕೇಳುವಾಗ ದನಿಯನ್ನು ಸ್ವಲ್ಪ ಇಳಿಸುತ್ತಿದ್ದರು. ಕಟ್ಟಿಕೊಂಡವರ ಮೇಲೆ ಮನಸ್ಸು ನಿಂತರೆ ನೀರು ತಾನಾಗಿ ಒಲಿಯುತ್ತದೆ ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಮಾತು. ನಾನು ಅದನ್ನು ನಂಬುವವಳಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಆದರೂ ಇವರು ನಿದ್ದೆಯಲ್ಲಿ ಮಗ್ಗುಲು ಬದಲಿಸಿ ಆ ಕಡೆ ತಿರುಗಿದರೆ ನನಗೆ ಆ ಮಾತೇ ನೆನಪಾಗುತ್ತಿತ್ತು.

ಒಂದು ಸಲ ಕಚೇರಿಯಿಂದ ವಾಪಸ್ ಬರುವಾಗ ದಾರಿಯಲ್ಲೇ ಕೇಳಿಬಿಟ್ಟೆ. ನಿಮಗೆ ಒಲಿಯುತ್ತಿಲ್ಲವೋ, ಒಲಿಯುವುದು ಬೇಡವಾಗಿದೆಯೋ ಎಂದು. ಇವರು ಕೋಪ ಮಾಡಿಕೊಳ್ಳುವವರಲ್ಲ. ಸ್ವಲ್ಪ ದೂರ ನಡೆದು, ಮುಚ್ಚಿದ ಅಂಗಡಿಯೊಂದರ ಜಗುಲಿಯ ಮೇಲೆ ಕೂತು, ಅಂಗೈಯ ಸುಟ್ಟ ಕಲೆಗಳನ್ನು ಉಜ್ಜುತ್ತ ಹೇಳಿದರು:

"ಇಲ್ಲಿಯ ನೀರು ಸಿಹಿಯಾದ ದಿನ ನಮ್ಮೂರಿನ ನೀರು ಉಪ್ಪಾಗುತ್ತೆ. ಅದು ನಿಮಗ್ಯಾರಿಗೂ ಗೊತ್ತಿಲ್ಲ. ನೀವು ಹೊರಗೆ ಹೋದೋರೇ ಅಲ್ಲವಲ್ಲ. ಒಂದು ನಾಲಿಗೆಗೆ ಒಂದೇ ಊರು, ಮಂಗಳಾ."

ಇಷ್ಟು ವರ್ಷ ಒಂದೇ ಚಾಪೆಯಲ್ಲಿ ಮಲಗಿದ್ದೆವು, ನನಗೆ ಇದು ಹೊಳೆದಿರಲಿಲ್ಲ. ಇವರ ಅವ್ವ ನೀಲವ್ವನನ್ನು ನಾನು ನೋಡಿರಲಿಲ್ಲ. ಮಗಳಿಗೆ ಅವಳ ಹೆಸರು ಇಟ್ಟಿದ್ದೆವು, ಅಷ್ಟೇ. ಬಿಸಿಲಲ್ಲಿ ಆಡಿ ಬಂದಾಗ ಅವ್ವ ಹರವಿಯಿಂದ ಚೊಂಬಿನಲ್ಲಿ ನೀರು ಎತ್ತಿ, ತಾನೇ ಬಾಯಿಗೆ ಹಿಡಿಯುತ್ತಿದ್ದಳಂತೆ. ಕುಡಿಯುವಷ್ಟು ಹೊತ್ತು ಇನ್ನೊಂದು ಕೈಯಿಂದ ನೆತ್ತಿಯ ಬೆವರು ಒರೆಸುತ್ತಿದ್ದಳಂತೆ. ಆ ನೀರನ್ನು ಬಾಯಿಗಿಟ್ಟು ಮುಖ ಹಿಂಡುವ ದಿನ ಬರಬಾರದು ಎಂದು ಇವರಿಗೆ ಒಳಗೇ ಇತ್ತು. ಹಾಗೆಂದು ಬೇಕೆಂದೇ ನೀರನ್ನು ದೂರ ಇಟ್ಟವರಲ್ಲ. ಅದು ಬೇಕು ಬೇಡ ಎಂದರೆ ಕೇಳುವಂಥದ್ದಲ್ಲ. ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಕಟ್ಟಿದವರು ನಿಮ್ಮೂರಿಗೆ ಬಂದಿರಲಿಲ್ಲ ಅನ್ನಿಸುತ್ತೆ ಎಂದು ಇವರು ನಕ್ಕರು. ಗಾದೆಯ ಉಳಿದರ್ಧವನ್ನು ಹೇಳಲಿಲ್ಲ. ಹಾಗಾದರೆ ನಾವೇ ನಿಮ್ಮೂರಿಗೆ ಹೋಗಿ ಇದ್ದುಬಿಡೋಣ ಎಂದೆ. ಒಂದು ಮನೆಯಲ್ಲಿ ಒಬ್ಬರು ಉಪ್ಪುನೀರು ಕುಡಿದರೆ ಸಾಕು ಎಂದು ಎದ್ದರು.

ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಹಾಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ನೀಲಾಗೆ ಐದು ತುಂಬುವ ಹೊತ್ತಿಗೆ, ಕಬ್ಬಿಣ ಇಳಿಸಲು ಬಂದ ಲಾರಿಯವನೊಬ್ಬ ಸುದ್ದಿ ತಂದ. ನೀಲವ್ವ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ, ಇವರ ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಳೆ, ಚನ್ನವೀರನ ಮುಖ ನೋಡಬೇಕು ಎನ್ನುತ್ತಿದ್ದಾಳೆ. ಇವರು ಲಾರಿಯವನಿಗೆ ಊಟ ಹಾಕಿಸಿ ಕಳಿಸಿ, ಎರಡು ದಿನ ಯಾವ ಕೆಲಸಕ್ಕೂ ಹೋಗಲಿಲ್ಲ. ನಾನೂ ನೀಲಾನೂ ಹೋಗಿ ನೋಡಿಕೊಂಡು ಬರುತ್ತೇವೆ ಎಂದೆ. ಅವ್ವ ಕರೆದದ್ದು ನನ್ನನ್ನು ಎಂದರು. ಮೂರನೆಯ ದಿನ ಊಟದ ಹೊತ್ತಿನಲ್ಲಿ, ಅನ್ನ ಕಲಸುತ್ತ, ಹೋಗಿಬಿಡುತ್ತೇನೆ ಎಂದರು. ಹೋದರೆ ಹೆಬ್ಬಾಗಿಲಲ್ಲಿ ಮತ್ತೆ ಬಿಡುವುದಿಲ್ಲ ಎಂದು ನಾನು ನೆನಪಿಸಬೇಕಾಗಿರಲಿಲ್ಲ. ನೀಲಾ ಅಪ್ಪನ ತಟ್ಟೆಯಿಂದ ಹಪ್ಪಳ ಎತ್ತಿಕೊಂಡು ತಿನ್ನುತ್ತಿದ್ದಳು.

ಆ ವರ್ಷದ ಪರೀಕ್ಷೆಗೆ ಇನ್ನು ಒಂದು ತಿಂಗಳಿತ್ತು. ನಾನು ಎದುರು ಮನೆಯ ಲೋಕಮ್ಮನ ಹತ್ತಿರ ಹೋದೆ. ಲೋಕಮ್ಮನೂ ಹೊರಗಿನಿಂದ ಸೊಸೆಯಾಗಿ ಬಂದವಳು. ಮದುವೆಯಾದ ಮರುವರ್ಷವೇ ಪರೀಕ್ಷೆಯಲ್ಲಿ ಗೆದ್ದವಳು. ಹೇಗೆ ಗೆದ್ದಳೆಂದು ಬೀದಿಯಲ್ಲಿ ಗೊತ್ತಿದ್ದೂ ಗೊತ್ತಿಲ್ಲದ ಹಾಗಿತ್ತು. ಅವಳು ನಾಲಿಗೆಯನ್ನು ನಂಬಿ ಅಡುಗೆ ಮಾಡಿದವಳಲ್ಲ, ಅಂಗೈಯನ್ನು ನಂಬಿದವಳು. ಇಷ್ಟು ಸಾರಿಗೆ ಇಷ್ಟು ಉಪ್ಪು ಎಂದು ಕೈಗೇ ಪಾಠ ಮಾಡಿಸಿಟ್ಟುಕೊಂಡಿದ್ದಳು. ಈಗ ಅವಳಿಗೆ ಮೊಮ್ಮಕ್ಕಳಾಗಿವೆ. ಈಗಲೂ ಅವಳ ಬಾಯಿಗೆ ನಮ್ಮೂರಿನ ನೀರು ಉಪ್ಪೇ.

ಇವರನ್ನು ಒಪ್ಪಿಸಲು ನಾನು ಕಾದಾಡಬೇಕಾಗಬಹುದು ಎಂದುಕೊಂಡಿದ್ದೆ. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಆದರೆ ಲೋಕಮ್ಮ ತನ್ನ ಹಿತ್ತಿಲಲ್ಲಿ ಕೂತು, ನಿಂಬೆಹಣ್ಣು ಹಿಂಡಿದ ನೀರನ್ನು ಗುಟುಕರಿಸುತ್ತ ಹೇಳಿದ ಮಾತಿಗೆ ಇವರ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ಕಂಡೆ.

"ತವರಿಗೆ ಹೋದಾಗೆಲ್ಲ ಹೊಟ್ಟೆ ತುಂಬ ನೀರು ಕುಡ್ಕೊಂಡು ಬರ್ತೀನಿ ಕಣಪ್ಪ. ನಂಗೆ ಎರಡು ಮನೆನೂ ಉಳೀತು. ಆದ್ರೆ ಒಂದು ಹೇಳ್ತೀನಿ, ಇಷ್ಟು ವರ್ಷದಾಗೆ ಯಾರ ಮುಂದೂ ಬಾಯಾರಿಕೆ ಅಂತ ಅನ್ನಂಗಾಗಿಲ್ಲ."

ಇವರು ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡರು. ಪಾಸ್‌ಪೋರ್ಟೂ ಕೈಗೆ ಬಂದು, ಅವ್ವನ ನೀರೂ ಕೆಡದೆ ಇರುವ ದಾರಿಯೊಂದು ಇದೆ ಎಂದಾದ ಮೇಲೆ ಇವರಿಗೆ ಸುಳ್ಳು ಸುಳ್ಳಾಗಿ ಕಾಣಲಿಲ್ಲ. ನನಗಂತೂ ಹೋದವರು ತಿರುಗಿ ಬಂದರೆ ಸಾಕಾಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ದಿನಕ್ಕೆರಡು ಸಲ ಸಾರು ಕುದಿಯಿತು. ಲೋಕಮ್ಮ ಬಂದು, ಇವರಿಗೆ ಕಾಣದ ಹಾಗೆ ಪಾತ್ರೆಗೆ ನೀರು ಹೊಯ್ದು, ಈಗ ಹಾಕು ಎನ್ನುತ್ತಿದ್ದಳು. ವೆಲ್ಡಿಂಗ್ ಕಡ್ಡಿ ಹಿಡಿದು ಒರಟಾದ ಬೆರಳುಗಳಲ್ಲಿ ಇವರು ಉಪ್ಪು ತೂಗಿ ನೋಡುವುದನ್ನು ನೋಡಿ ನೀಲಾ ನಗುತ್ತಿದ್ದಳು. ರುಚಿ ನೋಡುವ ಕೆಲಸ ನನ್ನದು. ಒಂದು ದಿನ ಕಹಿಯಾಗುವಷ್ಟು ಉಪ್ಪು, ಒಂದು ದಿನ ಸಪ್ಪೆ. ಬರುಬರುತ್ತ ಕೈ ಹದಕ್ಕೆ ಬಂತು. ಅಪ್ಪ ಊಟಕ್ಕೆ ಬಂದವನು, ಇವತ್ತು ಸಾರು ಯಾರು ಮಾಡಿದ್ದು ಎಂದು ಕೇಳಿ ಎರಡನೆಯ ಸಲ ಹಾಕಿಸಿಕೊಂಡ. ಇವರು ತಲೆ ತಗ್ಗಿಸಿ ಮಜ್ಜಿಗೆ ಕುಡಿದರು.

ಪರೀಕ್ಷೆಗೆ ಕೆಲವೇ ದಿನ ಉಳಿದಿದ್ದವು. ಮಧ್ಯಾಹ್ನ ನಾನು ನಡುಮನೆಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದೆ. ಇವರು ಯಾರದೋ ಕಿಟಕಿಗೆ ಸರಳು ಕೂರಿಸಿ, ಬಿಸಿಲಲ್ಲಿ ಬೆಂದು ಬಂದರು. ಬಂದವರೇ ಅನ್ಯಮನಸ್ಕರಾಗಿ ಗಡಿಗೆಗೆ ಚೊಂಬು ಹಾಕಿ, ಎತ್ತಿ, ಗಟಗಟ ಕುಡಿದುಬಿಟ್ಟರು. ಚೊಂಬು ಬಾಯಿಂದ ಇಳಿಸಿ ಹಾಗೇ ನಿಂತರು. ಕಣ್ಣು ಕೆಂಪಾಗಿ ನೀರು ಸೋರುತ್ತಿತ್ತು. ವೆಲ್ಡಿಂಗ್ ಬೆಳಕು ಕಣ್ಣಿಗೆ ಹೊಡೆದಾಗ ಹಾಗಾಗುವುದುಂಟು. ಕಣ್ಣ ಮೇಲಿಟ್ಟುಕೊಳ್ಳಲು ಸೌತೆಕಾಯಿ ಹೆಚ್ಚಿ ಕೊಡಲೇ ಎಂದೆ. ಇವರು ಅಡುಗೆಮನೆಗೆ ಹೋಗಿ, ಒಂದು ಹರಳು ಉಪ್ಪನ್ನು ನಾಲಿಗೆಯ ಮೇಲಿಟ್ಟುಕೊಂಡು, ಇನ್ನೊಂದು ಗುಟುಕು ನೀರು ಕುಡಿದು, ಬಾಗಿಲಿಗೆ ಬಂದು ನಿಂತರು.

"ಮಂಗಳಾ, ನೀರು ನೀರಾಗಿದೆ," ಎಂದರು.

ಎದ್ದು ಬೀದಿಗೆ ಓಡಬೇಕು, ಬಾವಿಕಟ್ಟೆಯಲ್ಲಿ ನಿಂತು ಹೇಳಬೇಕು ಅನ್ನಿಸಿತು. ಮೊರ ಪಕ್ಕಕ್ಕೆ ಸರಿಸಿ ಎದ್ದೂಬಿಟ್ಟಿದ್ದೆ. ಆಗ ಇವರ ಮುಖ ನೋಡಿದೆ. ಯಾರೋ ಹೋದ ಸುದ್ದಿ ಕೇಳಿದವರ ಮುಖ. ಹೊಸ್ತಿಲ ಮೇಲೆ ಕುಸಿದು ಕೂತು, ಇನ್ನೊಂದು ತಿಂಗಳು ತಡೆಯಬಾರದಿತ್ತಾ ಎಂದರು. ಅವ್ವನ ಕೈಯ ನೀರು ಒಂದೇ ಒಂದು ಸಲ ಕುಡಿದು ಬರುತ್ತಿದ್ದೆ ಎಂದರು. ಇಷ್ಟು ವರ್ಷ ಬಾ ಎಂದರೆ ಬಾರದ್ದು ಈಗ ಯಾಕೆ ಬಂತು ಎಂದು ನನ್ನನ್ನು ಕೇಳಿದರು, ನಾನೇ ಕರೆದು ತಂದಿದ್ದೆನೋ ಎಂಬಂತೆ. ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟೆ. ಪಾಪ ಎನ್ನಬೇಕಾಗಿತ್ತು, ಬಾಯಿ ಬರಲಿಲ್ಲ. ನಿಜ ಹೇಳುತ್ತೇನೆ, ನನಗೆ ಸಂತೋಷವೇ ಆಗಿತ್ತು. ಇವರ ದುಃಖ ಕಣ್ಣೆದುರಿಗಿದ್ದರೂ ಆ ಸಂತೋಷ ಒಳಗಿನಿಂದ ಉಕ್ಕಿ ಬರುತ್ತಿತ್ತು, ಅದನ್ನು ಮುಚ್ಚಿಡಲು ಒಣಗಿದ ಬಟ್ಟೆ ತರುವ ನೆಪದಲ್ಲಿ ಹಿತ್ತಿಲಿಗೆ ಹೋದೆ. ರಾತ್ರಿ ಅಡುಗೆಯಲ್ಲಿ ಬೋಗುಣಿಗೆ ಸಾರು ಬಗ್ಗಿಸಲು ಹೋದ ಕೈಯನ್ನು ತಡೆದು ಎಲ್ಲದಕ್ಕೂ ಒಟ್ಟಿಗೇ ಉಪ್ಪು ಹಾಕಿದೆ. ಇವರು ಅದನ್ನೇ ಉಂಡರು. ನೀಲಾ ಒಬ್ಬಳೇ ಮಾತಾಡುತ್ತಿದ್ದಳು.

ಕಚೇರಿಯ ದಿನ ಇವರು ಅಂಗೈಯ ಲೆಕ್ಕಕ್ಕೆ ಹೋಗಲೇ ಇಲ್ಲ. ಎಲ್ಲರ ಹಾಗೆ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಉಪ್ಪು ಸಾಲದು ಎನ್ನಿಸಿ, ಇನ್ನಷ್ಟು ಹಾಕಿ, ಒಲೆಯಿಂದ ಇಳಿಸಿದರು. ಪಂಕಜಾಕ್ಷಿ ಮೇಡಂ ಸೌಟು ಬಾಯಿಗೆ ಬಿಟ್ಟುಕೊಂಡರು. ಇನ್ನೊಂದು ಸೌಟು ಲೋಟಕ್ಕೆ ಹಾಕಿಸಿಕೊಂಡು ಪೂರ್ತಿ ಕುಡಿದರು. ಆಮೇಲೆ ಇವರನ್ನು ದಿಟ್ಟಿಸಿ ನೋಡಿ, ಕೂತ್ಕೊಳ್ಳಿ ಎಂದು ತಮ್ಮ ಕುರ್ಚಿಯನ್ನೇ ಎಳೆದುಕೊಟ್ಟರು.

"ಸುಳ್ಳು ಸಾರು ಮಾಡೋರು ಇಲ್ಲಿಂದ ನಗ್ತಾ ಹೋಗ್ತಾರೆ," ಎಂದರು ನನ್ನ ಕಡೆ ತಿರುಗಿ. "ನಿಜವಾಗಿ ಒಲಿದೋರು ಹೀಗೇ ಇರ್ತಾರಮ್ಮ. ಸ್ವಲ್ಪ ದಿನ ಬಿಟ್ಟುಬಿಡಿ ಅವರ ಪಾಡಿಗೆ."

ವಾರ ಕಳೆಯುವುದರೊಳಗೆ ಪಾಸ್‌ಪೋರ್ಟ್ ಬಂತು. ಯಾರ ಮೂಲಕ ಎಂಬ ಜಾಗದಲ್ಲಿ ಸರ್ವಮಂಗಳಾ ಅವರ ಗಂಡ ಎಂದು ದಪ್ಪ ಅಕ್ಷರದಲ್ಲಿತ್ತು. ಹೆಂಗಸರಿಗೆಲ್ಲ ಇಂಥವರ ಹೆಂಡತಿ ಎಂದೇ ಇರುತ್ತದೆ, ಯಾರೂ ಎರಡನೆಯ ಸಲ ಓದುವುದಿಲ್ಲ. ಇವರು ಎರಡು ಸಲ ಓದಿ, ನೀರು ಒಲಿದ ದಿನದಿಂದ ಮೊದಲ ಸಲ ನಕ್ಕರು. ಲೋಕಮ್ಮ ನೋಡಲು ಬಂದವಳು ಅದನ್ನು ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ನಿಂತಿದ್ದಳು. ಆಮೇಲೆ ವಾಪಸ್ ಕೊಟ್ಟು ಹೋದಳು.

ಮರುದಿನವೇ ಮೂವರೂ ಹೊರಟೆವು. ಹೆಬ್ಬಾಗಿಲು ದಾಟಿದ್ದು ನನಗೂ ಅದೇ ಮೊದಲು. ದಾರಿಯ ಬಸ್‌ಸ್ಟ್ಯಾಂಡಿನಲ್ಲಿ ಇವರು ಎರಡು ಟೀ ತಂದರು. ನಾನು ಒಂದು ಗುಟುಕು ಕುಡಿದು, ಉಗುಳಲಾರದೆ ನುಂಗಿದೆ. ಇಷ್ಟು ವರ್ಷ ಇವರ ಬಾಯಿಗೆ ಹೇಗಿತ್ತೆಂದು ನನಗೆ ಆಗ ಗೊತ್ತಾಯಿತು. ಇವರೂ ತಮ್ಮ ಲೋಟವನ್ನು ತುಟಿಗೆ ತಾಗಿಸಿ, ಕಟ್ಟೆಯ ಮೇಲಿಟ್ಟು, ಬಸ್ಸಿನ ಕಡೆ ನೋಡುತ್ತ ನಿಂತರು. ನೀಲಾ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಬಸ್ಸು ಹೊರಟು ಎಷ್ಟೋ ಹೊತ್ತಾದ ಮೇಲೆ, ಮುಖ ಹಿಂಡದೆ ಕುಡಿಯುವುದು ನನಗೇನೂ ಹೊಸತಲ್ಲ ಎಂದರು. ಅವ್ವ ಕೊಟ್ಟ ನೀರನ್ನು ಕುಡಿದು, ಸಿಹಿಯಾಗಿದೆ ಎನ್ನುವುದೆಂದು ಗಟ್ಟಿ ಮಾಡಿಕೊಂಡಿದ್ದರು.

ಅಕ್ಕನ ಮನೆ ಹಿಟ್ಟಿನ ಗಿರಣಿಯೊಂದರ ಹಿಂದೆ ಇತ್ತು. ಎರಡು ಕೋಣೆ. ಗೋಡೆ, ಬಾಗಿಲು, ಅಕ್ಕನ ಹುಬ್ಬು, ಎಲ್ಲದರ ಮೇಲೂ ತೆಳ್ಳಗೆ ಹಿಟ್ಟು. ನೀಲವ್ವ ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ನಾನು ಅಂದುಕೊಂಡದ್ದಕ್ಕಿಂತ ಸಣ್ಣ ಹೆಂಗಸು. ಇವರು ಕಾಲಿಗೆ ಬಿದ್ದಾಗ ಹಿಡಿದೆತ್ತಿ, ಮುಖವನ್ನೆಲ್ಲ ಕೈಯಿಂದ ಸವರಿ, ನನ್ನನ್ನೂ ನೀಲಾಳನ್ನೂ ಹತ್ತಿರ ಕರೆದು ಕೂರಿಸಿಕೊಂಡಳು. ಯಾರೂ ಅಳಲಿಲ್ಲ. ಮುಟ್ಟಿ ಮುಟ್ಟಿ ನೋಡುವುದರಲ್ಲೇ ಹೊತ್ತು ಹೋಯಿತು. ಆಮೇಲೆ ಇವರು ಗಂಟಲು ಸರಿ ಮಾಡಿಕೊಂಡು, ಅವ್ವಾ ನೀರು ಕೊಡು ಎಂದರು.

ಅವಳು ಮಗಳಿಗೆ ಕಣ್ಸನ್ನೆ ಮಾಡಿದಳು. ಅಕ್ಕ ಒಳಗಿನಿಂದ ಒಂದು ತಟ್ಟೆ ತಂದಿಟ್ಟಳು. ಎರಡು ಚೊಂಬು ನೀರು, ಎರಡು ಉಂಡೆ ಬೆಲ್ಲ.

ಬೆಲ್ಲ ನೀರು ಕೊಡುವುದು ಬಂದ ನೆಂಟರಿಗೆ. ಮನೆಯ ಮಗನಿಗೆ ಯಾರೂ ಕೊಡುವುದಿಲ್ಲ. ಇವರು ತಟ್ಟೆಯನ್ನು ನೋಡುತ್ತ ಕೂತರು. ಇಷ್ಟು ವರ್ಷ ನಮ್ಮೂರಿನಲ್ಲಿ ಸವೆದುಹೋದ ಮಾತು ಒಂದೇ ಕ್ಷಣದಲ್ಲಿ ಬಾಯಿಗೆ ತಿರುಗಿ ಬಂತು.

"ನಾ ಏನ್ ಬೀಗರವನೇನವ್ವಾ, ಬೆಲ್ಲ ಯಾಕ?"

"ಬೆಲ್ಲ ಕಡಕೊಂಡು ಕುಡಿ," ಎಂದಳು ನೀಲವ್ವ. "ಉಪ್ಪು ಗೊತ್ತಾಗಂಗಿಲ್ಲ."

ಗಟ್ಟಿ ಮಾಡಿಕೊಂಡು ಬಂದದ್ದೆಲ್ಲ ಎಲ್ಲಿ ಹೋಯಿತೋ.

"ಹೆಂಡ್ತಿ ಮಗಳನ್ನ ಕರಕೊಂಡು, ಹೊಳ್ಳಿ ಹೋಗೂ ಹಂಗ ಬಂದಿ. ಅಲ್ಲಿ ನೀರು ಒಲಿದಿದ್ರ ತಾನ ನಿನ್ನ ಹಂಗ ಬಿಡೂದು? ನನಗ ತಿಳಿಯಂಗಿಲ್ಲೇನು?" ಅವಳು ಇವರ ನೆತ್ತಿಯ ಮೇಲೆ ಕೈಯಿಟ್ಟಳು. "ಇಷ್ಟು ವರ್ಸ ನಾ ಚೊಂಬು ಎತ್ತಿದಾಗೊಮ್ಮೆ, ನನ್ನ ಮಗ ಅಲ್ಲಿ ಉಪ್ಪುನೀರು ಕುಡ್ಯಾಕ ಹತ್ಯಾನಲ್ಲ ಅಂತ ಗಂಟಲು ಹಿಡೀತಿತ್ತು. ಇವತ್ತಿಗೆ ನನಗ ನೀರು ಇಳೀತು, ಮಗನ."

ನೀಲಾಳ ಕಣ್ಣು ಆಗಲಿಂದಲೂ ಬೆಲ್ಲದ ಮೇಲೆಯೇ. ನನಗೆಲ್ಲಿ ಎಂದು ಕೇಳಿಯೇಬಿಟ್ಟಳು. ನಿನಗ್ಯಾಕ ಬೆಲ್ಲ, ಹಾಲಹಲ್ಲು ಬೀಳೂತನ ಮಕ್ಕಳಿಗೆ ಎಲ್ಲಾ ಊರ ನೀರೂ ಒಂದ, ಹೋಗಿ ಹರವಿಯಾಗಿಂದ ಎಷ್ಟು ಬೇಕೋ ಕುಡಿ ಎಂದಳು ಅಜ್ಜಿ. ನೀಲಾ ಹೋಗಿ, ಎರಡೂ ಕೈಯಲ್ಲಿ ಚೊಂಬು ಹಿಡಿದು, ಗಲ್ಲದಿಂದ ಫ್ರಾಕಿನ ಮೇಲೆ ಹರಿಯುವಷ್ಟು ಕುಡಿದು ಬಂದಳು. ಬಂದವಳು ಮತ್ತೆ ಬೆಲ್ಲದ ಎದುರಿಗೇ ಕೂತಳು.

ಇವರು ತಮ್ಮ ಪಾಲಿನ ಉಂಡೆಯನ್ನು ಎತ್ತಿ ಅವಳ ಕೈಗೆ ಹಾಕಿದರು. ನಾನು ನನ್ನ ಬೆಲ್ಲವನ್ನು ಕಚ್ಚಿಕೊಂಡೇ ಕುಡಿದೆ. ನಾನು ನೆಂಟರವಳೇ ತಾನೆ. ಇವರು ಬರಿಯ ನೀರಿನ ಚೊಂಬನ್ನು ತುಟಿಗಿಟ್ಟು, ಅವ್ವ ನೋಡುತ್ತಿರುವಂತೆಯೇ, ಎಲ್ಲಿಯೂ ನಿಲ್ಲಿಸದೆ, ತಳದ ಹನಿಯವರೆಗೂ ಕುಡಿದರು. ಹಿಂಗೈಯಿಂದ ಬಾಯಿ ಒರೆಸಿಕೊಂಡು ಖಾಲಿ ಚೊಂಬನ್ನು ಅವಳ ಮುಂದೆ ಹಿಡಿದರು.

"ಇನ್ನೊಂದು ಹಾಕವ್ವಾ," ಎಂದರು.